ಕುಂಬಳೆಯ ಗ್ರಂಥಾಲಯದಲ್ಲಿ ಮರಿಯಾ ಕ್ಯಾಲಸ್: ಯಕ್ಷಗಾನದವರಿಗೆ ಏನು ಕೇಳಿಸೋದು?

ಕಣಿಪುರದವ

ಎಲ್ಲರಿಗೂ ನಮಸ್ಕಾರ. ಕುಂಬಳೆ ಹತ್ತಿರ ನಮ್ಮದೊಂದು ಸಣ್ಣ ಗ್ರಂಥಾಲಯ ಉಂಟು. ತಿಂಗಳಿಗೊಂದು ಕಾರ್ಯಕ್ರಮ ಮಾಡುತ್ತೇವೆ. ಪುಸ್ತಕ ಪರಿಚಯ, ತಾಳಮದ್ದಳೆ (ವೇಷ ಇಲ್ಲದೆ ಕೂತು ಪದ್ಯ ಹಾಡಿ ಅರ್ಥ ಹೇಳುವ ಯಕ್ಷಗಾನ), ಒಮ್ಮೊಮ್ಮೆ ಅಡಕೆ ರೋಗದ ಬಗ್ಗೆ ಮಾತು. ಮುಂದಿನ ತಿಂಗಳು ನನ್ನ ಸರದಿ. ಒಪೆರಾ (ಹಾಡಿಯೇ ಆಡುವ ಪಶ್ಚಿಮದ ಸಂಗೀತ ನಾಟಕ) ಗಾಯಕಿ ಮರಿಯಾ ಕ್ಯಾಲಸ್ ಬಗ್ಗೆ ಒಂದೂವರೆ ಗಂಟೆ ಮಾತು ಮತ್ತು ಹಾಡು ಅಂತ ಹೆಸರು ಕೊಟ್ಟಿದ್ದೇನೆ. ಸಮಿತಿಯವರು ಒಪ್ಪಿದ್ದಾರೆ, ಆದರೆ ಮುಖ ನೋಡಿದರೆ ಒಪ್ಪಿದ ಹಾಗೆ ಕಾಣುವುದಿಲ್ಲ.

ಬರುವವರು ಹೆಚ್ಚಿನವರು ಯಕ್ಷಗಾನದ ಹುಚ್ಚಿನವರು. ಅರ್ಧ ಪದ್ಯ ಕೇಳಿ, ಹಾಡಿದ ಭಾಗವತರು ಯಾರು ಅಂತ ಹೇಳುವ ಕಿವಿ ಅವರದ್ದು. ಒಪೆರಾ ಮಾತ್ರ ಯಾರೂ ಕೂತು ಕೇಳಿದವರಲ್ಲ.

ನನ್ನ ಹತ್ತಿರ ಇರುವ ಜೀವನಕಥೆ ಇಷ್ಟು. 1923ರ ಡಿಸೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಹುಟ್ಟು. ಅಪ್ಪ ಅಮ್ಮ ಗ್ರೀಸಿನಿಂದ ಹೋದವರು, ಅಪ್ಪನದ್ದು ಔಷಧದ ಅಂಗಡಿ. 1937ರಲ್ಲಿ ಅಮ್ಮ ಮಕ್ಕಳನ್ನು ಕರೆದುಕೊಂಡು ಅಥೆನ್ಸಿಗೆ ವಾಪಸ್. ಅಲ್ಲಿ ಎಲ್ವಿರಾ ದೆ ಹಿಡಾಲ್ಗೊ ಎಂಬ ಸ್ಪೇನಿನ ಗಾಯಕಿಯ ಹತ್ತಿರ ಪಾಠ. ತನ್ನ ಪಾಠ ಮುಗಿದರೂ ಮನೆಗೆ ಹೋಗದೆ, ಬೆಳಿಗ್ಗೆಯಿಂದ ಸಂಜೆವರೆಗೆ ಬೇರೆ ಮಕ್ಕಳ ಪಾಠವನ್ನೂ ಕೇಳಿಕೊಂಡು ಕೂರುತ್ತಿದ್ದಳಂತೆ. ಯುದ್ಧ ಬಂತು, ಜರ್ಮನಿ ಮತ್ತು ಇಟಲಿಯ ಸೈನ್ಯ ಊರಲ್ಲಿ ಕೂತಿತ್ತು. ಆ ನಡುವೆಯೇ 1942ರಲ್ಲಿ ಅಥೆನ್ಸಿನಲ್ಲಿ ‘ಟೋಸ್ಕಾ’ ಒಪೆರಾದ ನಾಯಕಿ ಟೋಸ್ಕಾಳ ಪಾತ್ರ. 1945ರಲ್ಲಿ ಅಮೆರಿಕಕ್ಕೆ ಹೋದರೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸ ಸಿಗಲಿಲ್ಲ. 1947ರ ಆಗಸ್ಟಿನಲ್ಲಿ ಇಟಲಿಯ ವೆರೋನಾದ ಬಯಲು ರಂಗಮಂದಿರದಲ್ಲಿ ಹಾಡಿದ್ದೇ ತಿರುವು. ಕೊನೆಯ ಒಪೆರಾ 1965ರ ಜುಲೈ 5, ಲಂಡನ್. ಆಗ ವಯಸ್ಸು 41. ತೀರಿಕೊಂಡದ್ದು 1977ರ ಸೆಪ್ಟೆಂಬರ್ 16, ಪ್ಯಾರಿಸಿನಲ್ಲಿ, 53ನೇ ವಯಸ್ಸಿಗೆ.

ಈಗ ಹೇಳಿ. ಏನು ಕೇಳಿಸಲಿ, ಏನು ಬಿಡಲಿ? ಆ ಹಡಗಿನ ಕುಬೇರ ಒನಾಸಿಸ್‌ನ ಪ್ರೇಮಕಥೆ ಎಷ್ಟು ಹೇಳಲಿ? ಕಾಸರಗೋಡಿನ ನಮ್ಮವರೇ ಇಲ್ಲಿ ಜಾಸ್ತಿ ಇರುವುದರಿಂದ ಕೇಳುತ್ತಿದ್ದೇನೆ.

ಪೆರ್ಲದ ಪೋಕ್ರಿ

ಮಾರಾಯ್ರೇ, ಯಾಕೆ ಸುಮ್ನೆ? ಭಾಷೆ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಒಬ್ಬಳು ಕಿರುಚುತ್ತಾಳೆ ಅಂತ ಹತ್ತು ನಿಮಿಷಕ್ಕೆ ಜನ ಎದ್ದು ಹೋಗುತ್ತಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಲ್ಲಿ ಕೂತು ಇಟಲಿಯ ಪದ್ಯ ಕೇಳಬೇಕಾ? ನಮ್ಮ ಹಳೇ ಭಾಗವತರ ಧ್ವನಿಮುದ್ರಣ ಹಾಕಿ, ಮಳೆಯಲ್ಲೂ ಜನ ಬರುತ್ತಾರೆ.

ಅರ್ಥಗಾರಿಕೆ

ಪೋಕ್ರಿಯವರೇ, ಮಂಜೇಶ್ವರದಲ್ಲಿ ಕೂತುಕೊಂಡೇ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಅವರನ್ನು ಯಾರಾದರೂ ಯಾಕೆ ಸುಮ್ನೆ ಅಂತ ಕೇಳಿದ್ದರೆ ನಮಗೇ ನಷ್ಟ ಆಗುತ್ತಿತ್ತು.

ಕಣಿಪುರದವರೇ, ನನ್ನ ಸಲಹೆ ಒಂದೇ. ಮೊದಲು ಪ್ರಸಂಗ (ಕಥೆ) ಹೇಳಿ, ಆಮೇಲೆ ಪದ್ಯ ಕೇಳಿಸಿ. ನಮ್ಮ ಜನಕ್ಕೆ ಕಥೆಯ ಸಂದರ್ಭ ಗೊತ್ತಾದರೆ ಭಾಷೆ ದೊಡ್ಡ ವಿಷಯ ಅಲ್ಲ. ಕ್ಯಾಲಸ್ ಅತಿ ಹೆಚ್ಚು ಸಲ ಹಾಡಿದ ಪಾತ್ರ ನೋರ್ಮಾ. ಬೆಲ್ಲಿನಿಯ ಒಪೆರಾ, 1831ರದ್ದು. ಕಥೆ ಹೀಗೆ: ಗಾಲ್ ದೇಶ ರೋಮನರ ಕೈಯಲ್ಲಿದೆ. ನೋರ್ಮಾ ಆ ನಾಡಿನ ಮುಖ್ಯ ಪೂಜಾರಿಣಿ. ಬ್ರಹ್ಮಚರ್ಯದ ವ್ರತ ತೊಟ್ಟವಳು. ಆದರೆ ರೋಮನ್ ಅಧಿಕಾರಿ ಪೊಲ್ಲಿಯೋನೆಯಿಂದ ಅವಳಿಗೆ ಗುಟ್ಟಾಗಿ ಎರಡು ಮಕ್ಕಳು. ಅವನಿಗೋ ಈಗ ಇನ್ನೊಬ್ಬ ಚಿಕ್ಕ ಪೂಜಾರಿಣಿಯ ಮೇಲೆ ಮನಸ್ಸು.

ಈಗ ‘ಕಾಸ್ತಾ ದೀವಾ’ ಪದ್ಯಕ್ಕೆ ಬನ್ನಿ. ಜನ ಯುದ್ಧ ಬೇಕು ಅಂತ ನಿಂತಿದ್ದಾರೆ. ಇವಳು ಚಂದ್ರನನ್ನು ನೋಡಿ ಶಾಂತಿ ಕೊಡು ಅಂತ ಬೇಡುತ್ತಾಳೆ. ಜನ ಅದನ್ನು ದೇವಿಯ ಮಾತು ಅಂತ ಕೇಳುತ್ತಾರೆ. ಒಳಗಿನ ಗುಟ್ಟು ಪ್ರೇಕ್ಷಕನಿಗೆ ಮಾತ್ರ ಗೊತ್ತು: ಯುದ್ಧ ಆದರೆ ಮೊದಲು ಸಾಯುವವನು ಇವಳ ಮಕ್ಕಳ ಅಪ್ಪ. ಒಂದೇ ಪದ್ಯ, ಎರಡು ಅರ್ಥ. ಇದಕ್ಕೆ ತಾಳಮದ್ದಳೆಯಲ್ಲಿ ಒಂದು ಗಂಟೆ ಅರ್ಥ ಹೇಳಬಹುದು, ನಾನೇ ಹೇಳುತ್ತೇನೆ ಬೇಕಾದರೆ!

ಮದ್ದಳೆ ಭಾವ

ಹೇಳುವುದು ಬೇಡ ಅಣ್ಣ, ನೀವು ಹಿಡಿದರೆ ಬೆಳಗಾಗುತ್ತದೆ.

ನನ್ನದು ಹಿಮ್ಮೇಳದವನ ಪ್ರಶ್ನೆ. ಮೈಕ್ ಇಲ್ಲದೆ ಹಾಡುತ್ತಾರೆ ಅಂತ ಕೇಳಿದ್ದೇನೆ, ಹೌದಾ? ಎದುರಿಗೆ ಎಪ್ಪತ್ತು ಎಂಬತ್ತು ಜನ ವಾದ್ಯ ಬಾರಿಸುವಾಗ ಒಬ್ಬಳ ಸ್ವರ ಹೇಗೆ ಕೇಳುತ್ತದೆ? ನಮ್ಮಲ್ಲಿ ಒಂದು ಚೆಂಡೆ ಜೋರಾದರೆ ಭಾಗವತರು ತಿರುಗಿ ನೋಡುತ್ತಾರೆ.

ಇನ್ನೊಂದು, ಅಲ್ಲಿ ಆಟ (ಪ್ರದರ್ಶನ) ನಡೆಸುವವರು ಯಾರು? ನಮ್ಮಲ್ಲಿ ಜಾಗಟೆ ಹಿಡಿದ ಭಾಗವತರೇ ಯಜಮಾನ. ಪದ್ಯ ಬೆಳೆಸುವುದು, ಬಿಡುವುದು, ವೇಷದವನಿಗೆ ಸಮಯ ಕೊಡುವುದು ಎಲ್ಲ ಅವರ ಕೈಯಲ್ಲಿ. ಒಪೆರಾದಲ್ಲಿ ಕೋಲು ಹಿಡಿದವನೊಬ್ಬ ನಿಂತಿರುತ್ತಾನಲ್ಲ, ಹಾಡುವವಳು ಅವನ ಕೋಲು ನೋಡಿಯೇ ಹಾಡಬೇಕಾ? ಹಾಗಾದರೆ ಅವಳದ್ದು ಅಂತ ಏನು ಉಳಿಯಿತು?

ಶ್ರುತಿಪೆಟ್ಟಿಗೆ

ಭಾವ ಕೇಳಿದ ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. (ಕರ್ನಾಟಕ ಸಂಗೀತ ಕಲಿಸುವವಳು ನಾನು. ಒಪೆರಾ ಕಲಿತದ್ದಲ್ಲ, ಕೇಳಿ ಕೇಳಿ ಹಚ್ಚಿಕೊಂಡದ್ದು.)

ಕೋಲು ನೋಡಿ ಹಾಡಬೇಕು, ನಿಜ. ತಮಾಷೆ ಏನೆಂದರೆ ಕ್ಯಾಲಸ್‌ಗೆ ಆ ಕೋಲೇ ಕಾಣುತ್ತಿರಲಿಲ್ಲ. ದೂರದೃಷ್ಟಿ ಅಷ್ಟು ಮಂದ. ವೇಷದಲ್ಲಿ ಕನ್ನಡಕ ಹಾಕುವ ಹಾಗಿಲ್ಲ. ಹಾಗಾಗಿ ತನ್ನ ಪಾಲಿನದ್ದು ಮಾತ್ರ ಅಲ್ಲ, ವಾದ್ಯಗಳ ಪಾಲೂ ಬಾಯಿಪಾಠ. ಯಾರು ಎಲ್ಲಿ ಉಸಿರು ತೆಗೆಯುತ್ತಾರೆ ಅಂತ ಕಿವಿಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ರಂಗಸ್ಥಳದಲ್ಲಿ ಮೆಟ್ಟಿಲು ಎಷ್ಟು, ಮೇಜು ಎಲ್ಲಿ ಅಂತಲೂ ಮೊದಲೇ ಅಳೆದು ಇಟ್ಟುಕೊಳ್ಳಬೇಕಿತ್ತು. ಆಡುವಾಗ ನೋಡಿದರೆ ಯಾರಿಗೂ ಅದು ಗೊತ್ತಾಗುವುದಿಲ್ಲ.

ಇನ್ನು ‘ಅವಳದ್ದು ಏನು ಉಳಿಯಿತು’ ಅನ್ನುವುದು. ಬೆಲ್ಲಿನಿ, ಡೊನಿಜೆಟ್ಟಿ ಬರೆದ ಹಾಡುಗಳಲ್ಲಿ ಬಿರ್ಕಾಗಳು (ವೇಗವಾಗಿ ಓಡುವ ಸ್ವರಗಳ ಸರ) ತುಂಬ. ಕ್ಯಾಲಸ್ ಬರುವ ಮೊದಲು ಹಲವರು ಅದನ್ನು ಗಂಟಲಿನ ಕಸರತ್ತು ಅಂತ ಹಾಡುತ್ತಿದ್ದರು. ಹಕ್ಕಿಯ ಹಾಗೆ ಚಿಲಿಪಿಲಿ, ಚಪ್ಪಾಳೆ, ಮುಗಿಯಿತು. ಇವಳು ಅದೇ ಬಿರ್ಕಾದಲ್ಲಿ ಸಿಟ್ಟು ಇಟ್ಟಳು, ಭಯ ಇಟ್ಟಳು, ಬುದ್ಧಿ ಕೆಟ್ಟವಳ ನಗೆ ಇಟ್ಟಳು. ಸ್ವರಗಳು ಪುಸ್ತಕದಲ್ಲಿ ಬರೆದದ್ದೇ. ಅದು ಯಾಕೆ ಅಲ್ಲಿದೆ ಅಂತ ಹುಡುಕಿದ್ದು ಅವಳು. 1957ರಲ್ಲಿ ಮಿಲಾನಿನಲ್ಲಿ ಡೊನಿಜೆಟ್ಟಿಯ ‘ಅನ್ನಾ ಬೊಲೇನಾ’ ಹಾಡಿದಳಲ್ಲ, ಅದು ಮೂಲೆಗೆ ಬಿದ್ದಿದ್ದ ಒಪೆರಾ. ಇವಳಿಂದಾಗಿ ಅಂಥವಕ್ಕೆ ಮತ್ತೆ ಜೀವ ಬಂತು.

ಕಾರ್ಯಕ್ರಮದಲ್ಲಿ 1949ರ ವೆನಿಸ್ ಕಥೆ ಬಿಡಬೇಡಿ. ಜನವರಿ. ಲಾ ಫೆನಿಚೆ ರಂಗಮಂದಿರ. ಕ್ಯಾಲಸ್ ಆಗ ವಾಗ್ನರ್‌ನ ‘ವಾಲ್ಕ್ಯೂರೆ’ಯಲ್ಲಿ ಬ್ರುನ್‌ಹಿಲ್ಡೆ ಹಾಡುತ್ತಿದ್ದಳು. ಯುದ್ಧದೇವತೆ, ಭಾರೀ ಗಂಟಲು ಬೇಡುವ ಪಾತ್ರ. ಅದೇ ರಂಗಮಂದಿರದಲ್ಲಿ ಮುಂದಿನ ಒಪೆರಾ ಬೆಲ್ಲಿನಿಯ ‘ಪುರಿತಾನಿ’. ಅದರ ನಾಯಕಿ ಹಾಡಬೇಕಿದ್ದ ಮಾರ್ಗೆರಿತಾ ಕರೋಸಿಯೊ ಜ್ವರ ಹಿಡಿದು ಮಲಗಿದಳು. ವಾದ್ಯವೃಂದದ ಕೋಲು ಹಿಡಿದಿದ್ದ ತುಲ್ಲಿಯೊ ಸೆರಾಫಿನ್ ಕ್ಯಾಲಸ್‌ಗೇ ಹಾಡು ಅಂದರು. ಆ ಪಾತ್ರ ಅವಳಿಗೆ ಬರುತ್ತಿರಲಿಲ್ಲ. ಒಂದು ವಾರದೊಳಗೆ ಕಲಿತು ಜನವರಿ 19ಕ್ಕೆ ಹಾಡಿದಳು. ಎರಡೂ ಪಾತ್ರ ಹಾಡುವ ಗಂಟಲುಗಳೇ ಬೇರೆ. ಇಟಲಿ ತಿರುಗಿ ನೋಡಿದ್ದು ಅವತ್ತು.

ಮದ್ದಳೆ ಭಾವ

ಅಂದರೆ ರಾತ್ರಿ ರಾಕ್ಷಸನ ಬಣ್ಣದ ವೇಷ ಮಾಡಿದವನು ಮರುವಾರ ಸ್ತ್ರೀವೇಷಕ್ಕೆ ಕೂತ ಹಾಗೆ. ಟೀಚರ್, ಇದು ಹೇಳಿದರೆ ನಮ್ಮವರಿಗೆ ಥಟ್ಟನೆ ಗೊತ್ತಾಗುತ್ತದೆ.

ಮುಳ್ಳೇರಿಯದ ನರ್ಸಮ್ಮ

ನಾನು ಮಿಲಾನ್ ಹತ್ತಿರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸ್ಕಾಲಾ ರಂಗಮಂದಿರದಲ್ಲಿ ಒಪೆರಾ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೈಕ್ ಇಲ್ಲ. ಹೌದು. ನಾನು ಕೂತದ್ದು ಎಲ್ಲಕ್ಕಿಂತ ಮೇಲೆ, ಲೊಜ್ಜೋನೆ ಅನ್ನುವ ಕಡಿಮೆ ಟಿಕೆಟ್ಟಿನ ಅಟ್ಟದಲ್ಲಿ. ಬದಿಯ ಸೀಟು. ರಂಗಸ್ಥಳದ ಎಡಭಾಗ ಕಾಣಬೇಕಾದರೆ ಕಂಬಿ ಹಿಡಿದು ಬಗ್ಗಬೇಕು. ಬಗ್ಗಿದರೆ ಹಿಂದಿನವರು ಭುಜ ತಟ್ಟುತ್ತಾರೆ. ಆದರೆ ಸ್ವರ ಮಾತ್ರ ನೇರ ಕಿವಿಗೆ. ನಾಯಕಿ ಪಿಸುಮಾತಿನಷ್ಟು ಸಣ್ಣಗೆ ಹಾಡಿದ್ದೂ ಮೇಲಿನವರೆಗೆ ಬಂತು. ಎದುರಿನ ಸಣ್ಣ ಪರದೆಯಲ್ಲಿ ಮಾತುಗಳು ಬರುತ್ತಿರುತ್ತವೆ, ಇಂಗ್ಲಿಷಿನಲ್ಲೂ ಹಾಕಿಕೊಳ್ಳಬಹುದು. ನನ್ನ ಪಕ್ಕದ ಅಜ್ಜ ಅದನ್ನು ನೋಡಲೇ ಇಲ್ಲ. ಎಲ್ಲ ಬಾಯಿಪಾಠ. ಒಂದು ಕಡೆ ಗಾಯಕ ಸ್ವಲ್ಪ ಜಾರಿದ, ಅಜ್ಜ ‘ತ್ಸ್’ ಅಂದರು. ಥೇಟ್ ನಮ್ಮೂರಿನ ಆಟದಲ್ಲಿ ಮುಂದಿನ ಸಾಲಲ್ಲಿ ಕೂರುವವರ ಹಾಗೆ!

ಆ ಅಟ್ಟದವರೇ ಅಲ್ಲಿ ಹೈಕೋರ್ಟು. ಹಿಡಿಸದಿದ್ದರೆ ಬೂ ಅಂತ ಕೂಗಿಬಿಡುತ್ತಾರೆ, ಎಷ್ಟು ದೊಡ್ಡ ಹೆಸರಾದರೂ ಸರಿ. ಕ್ಯಾಲಸ್ ಕಾಲದಲ್ಲಿ ಅಲ್ಲಿ ಎರಡು ಪಕ್ಷ, ಕ್ಯಾಲಸ್ ಪಕ್ಷ ಮತ್ತು ಇನ್ನೊಬ್ಬ ಗಾಯಕಿ ರೆನಾತಾ ತೆಬಾಲ್ದಿಯ ಪಕ್ಷ. ಸ್ಕಾಲಾದ ಹಂಗಾಮು ಪ್ರತಿ ವರ್ಷ ಡಿಸೆಂಬರ್ 7ಕ್ಕೆ ಶುರು. ಅದು ಊರಿನ ಸಂತನ ಹಬ್ಬದ ದಿನ. 1951ರ ಆ ಮೊದಲ ರಾತ್ರಿ ವೆರ್ದಿಯ ಒಪೆರಾ ಒಂದರಲ್ಲಿ ಕ್ಯಾಲಸ್ ಹಾಡಿದಳು. ಅಲ್ಲಿಂದ ಏಳೆಂಟು ವರ್ಷ ಆ ಮನೆಗೆ ಅವಳೇ ರಾಣಿ.

ಗಂಟಲು ಡಾಕ್ಟ್ರು

ಮೈಕ್ ಇಲ್ಲದೆ ಹೇಗೆ ಕೇಳುತ್ತದೆ ಅನ್ನುವುದಕ್ಕೆ ನಾನು ಬಾಯಿ ಹಾಕಬಹುದು. ಕಿವಿ, ಮೂಗು, ಗಂಟಲು ನನ್ನ ಕೆಲಸ.

ವಾದ್ಯವೃಂದದ ಸದ್ದಿನ ಶಕ್ತಿ ಹೆಚ್ಚು ಇರುವುದು 500 ಹರ್ಟ್ಸ್ ಆಸುಪಾಸಿನಲ್ಲಿ. ಮೇಲೆ ಹೋದ ಹಾಗೆ ಅದು ಇಳಿಯುತ್ತದೆ. ಚೆನ್ನಾಗಿ ಪಳಗಿದ ಒಪೆರಾ ಗಂಟಲು, ಅದರಲ್ಲೂ ಗಂಡಸರದ್ದು, 3000 ಹರ್ಟ್ಸ್ ಹತ್ತಿರ ಒಂದು ವಿಶೇಷ ಮೊನಚು ಕೊಡುತ್ತದೆ. ಅಲ್ಲಿ ವಾದ್ಯಗಳ ಗದ್ದಲ ಕಡಿಮೆ, ನಮ್ಮ ಕಿವಿಯೂ ಅಲ್ಲೇ ಚುರುಕು. ಹಾಗಾಗಿ ಸ್ವರ ವಾದ್ಯಗಳ ಜೊತೆ ಜಗಳಕ್ಕೆ ಹೋಗದೆ ಬದಿಯಿಂದ ದಾಟಿಬಿಡುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ ಇದನ್ನು ಅಳೆದು ತೋರಿಸಿದವರು. ಎತ್ತರದ ಸ್ವರ ಹಾಡುವ ಹೆಂಗಸರ ಉಪಾಯ ಬೇರೆ. ಶ್ರುತಿ ಏರಿದ ಹಾಗೆ ದವಡೆ ಇಳಿಸಿ ಬಾಯಿ ಅಗಲ ಮಾಡುತ್ತಾರೆ. ಬಾಯಿಯೊಳಗಿನ ಗುಂಯ್‌ಗುಡುವಿಕೆ ಹಾಡುವ ಸ್ವರಕ್ಕೇ ಹೊಂದಿಕೊಂಡು ಸದ್ದು ದೊಡ್ಡದಾಗುತ್ತದೆ. ಅದಕ್ಕೆ ಕೊಡುವ ಬೆಲೆ ಏನೆಂದರೆ ಅಕ್ಷರ. ತುಂಬ ಮೇಲೆ ಹೋದಾಗ ‘ಇ’ಯೂ ‘ಆ’ ಆಗಿ ಕೇಳುತ್ತದೆ. ನಮ್ಮ ಭಾಗವತರು ಅದನ್ನು ಒಪ್ಪುವುದಿಲ್ಲ. ಸಾಹಿತ್ಯ ಕೇಳದಿದ್ದರೆ ವೇಷದವನು ಏನು ಕುಣಿಯುವುದು?

ಕ್ಯಾಲಸ್‌ಗೂ ಅಕ್ಷರದ ಹಟ ಇತ್ತು. ಅದಕ್ಕೇ ಅವಳ ದೊಡ್ಡತನ ಕೇಳಬೇಕಾದರೆ ತುದಿಯ ಸ್ವರ ಬಿಟ್ಟು ಹಾಡು ಶುರುವಾಗುವ ಮೊದಲಿನ ಮಾತಿನಂಥ ಸಾಲುಗಳನ್ನು ಕೇಳಿ ಅನ್ನುತ್ತೇನೆ. ಬೇರೆಯವರು ಬೇಗ ದಾಟಿಸಿಬಿಡುವ ಜಾಗ ಅದು.

ಪೆರ್ಲದ ಪೋಕ್ರಿ

ಸರಿ, ಕುತೂಹಲಕ್ಕೆ ನಿನ್ನೆ ರಾತ್ರಿ ಕೇಳಿದೆ. ತೆಬಾಲ್ದಿಯನ್ನೂ ಕೇಳಿದೆ. ನಿಜ ಹೇಳಲಾ? ತೆಬಾಲ್ದಿ ಸ್ವರ ಬೆಣ್ಣೆ. ಕ್ಯಾಲಸ್ ಸ್ವರ ಒರಟು, ಕೆಳಗೆ ಒಂದು ತರ, ನಡುವೆ ಒಂದು ತರ, ಮೇಲೆ ಹೋದರೆ ಅಲ್ಲಾಡುತ್ತದೆ. 41ಕ್ಕೆ ಮುಗಿದೂ ಹೋಯಿತು. ನಮ್ಮಲ್ಲಿ ಎಪ್ಪತ್ತರ ಭಾಗವತರು ಇಡೀ ರಾತ್ರಿ ಹಾಡಿದ್ದಾರೆ. ಇದರಲ್ಲಿ ದೊಡ್ಡತನ ಯಾವುದು?

ಶ್ರುತಿಪೆಟ್ಟಿಗೆ

ಪೋಕ್ರಿಯಣ್ಣ ಕೇಳಿದ್ದು ಸರಿಯಾಗಿಯೇ. ಆ ಕಾಲದ ವಿಮರ್ಶಕರೂ ಅದನ್ನೇ ಹೇಳಿದರು. ಮೂರು ಜಾಗದ ಸ್ವರಗಳ ನಡುವಿನ ಹೊಲಿಗೆ ಕಾಣುತ್ತಿತ್ತು. ಅದನ್ನು ಮುಚ್ಚದೆ ಪಾತ್ರಕ್ಕೆ ಬಳಸಿಕೊಂಡಳು. ಚೆಂದದ ಸ್ವರ ಬೇಕಾದರೆ ತೆಬಾಲ್ದಿ. ನೋರ್ಮಾಗೆ ಪೊಲ್ಲಿಯೋನೆಯ ಮೋಸ ಗೊತ್ತಾಗುವ ಗಳಿಗೆ ಬೇಕಾದರೆ ಕ್ಯಾಲಸ್. ಎರಡನ್ನೂ ಕೇಳಿ ಸಾರ್, ಯಾರು ಬೇಡ ಅಂದರು?

ಮದ್ದಳೆ ಭಾವ

ನಯವಾದ ಕಂಠ ಹುಡುಕಿಕೊಂಡು ಯಾರೂ ಬಲಿಪರ ಆಟಕ್ಕೆ ಹೋದದ್ದಲ್ಲ. ಪಡ್ರೆಯ ಬಲಿಪ ನಾರಾಯಣ ಭಾಗವತರು, 2023ರಲ್ಲಿ ತೀರಿಹೋದರಲ್ಲ, ಅವರನ್ನು ಹೇಳುತ್ತಿದ್ದೇನೆ. ಆ ಏರು ಶ್ರುತಿ, ಆ ಹಳೇ ಮಟ್ಟು, ಪುಸ್ತಕ ನೋಡದೆ ಪ್ರಸಂಗ ನಡೆಸುವ ಗಟ್ಟಿತನ, ಜನ ಹೋದದ್ದು ಅದಕ್ಕೆ. ಸಿಹಿ ಸ್ವರ ಅನ್ನುವ ಅಳತೆಗೋಲು ನಮಗೇ ಯಾವತ್ತೂ ಇರಲಿಲ್ಲ. ಕ್ಯಾಲಸ್‌ಗೆ ಮಾತ್ರ ಯಾಕೆ?

ಆದರೆ 41ಕ್ಕೆ ಯಾಕೆ ಮುಗಿಯಿತು ಅನ್ನುವುದು ನನಗೂ ಬೇಕು. ಡಾಕ್ಟ್ರೇ?

ಗಂಟಲು ಡಾಕ್ಟ್ರು

ಇದಕ್ಕೆ ವಾದಗಳು ಮೂರು ನಾಲ್ಕು ಉಂಟು.

ಒಂದು, ತೂಕ. 1953-54ರಲ್ಲಿ ಸುಮಾರು 36 ಕಿಲೋ ಇಳಿಸಿದಳು. ಲಾಡಿಹುಳ ನುಂಗಿದಳು ಅಂತೆಲ್ಲ ಗಾಳಿಸುದ್ದಿ ಹಬ್ಬಿತ್ತು, ಅದನ್ನು ಕಾರ್ಯಕ್ರಮದಲ್ಲಿ ದಯವಿಟ್ಟು ಹೇಳಬೇಡಿ. ತೂಕ ಅಷ್ಟು ಬೇಗ ಇಳಿದರೆ ಉಸಿರು ಹಿಡಿಯುವ ಸ್ನಾಯುಗಳ ಬಲವೂ ಇಳಿಯಬಹುದು, ಇದು ಒಪ್ಪುವ ಮಾತು. ಆದರೆ 1954 ಮತ್ತು 55ರ ಧ್ವನಿಮುದ್ರಣಗಳು ಚೆನ್ನಾಗಿಯೇ ಇವೆ.

ಎರಡು, ಚಿಕ್ಕ ಪ್ರಾಯದಲ್ಲಿ ಹೊತ್ತ ಭಾರ. 18ಕ್ಕೆ ಟೋಸ್ಕಾ, 25ಕ್ಕೆ ಬ್ರುನ್‌ಹಿಲ್ಡೆ. ನನಗೆ ಹೆಚ್ಚು ಸರಿ ಅನಿಸುವುದು ಇದು. ನನ್ನ ಹತ್ತಿರ ಬರುವ ಹುಡುಗ ಭಾಗವತರ ಸ್ವರತಂತುವಿನಲ್ಲಿ ಗಂಟು ಕಾಣುವುದೂ ಹೀಗೆಯೇ. ದೊಡ್ಡವರ ಶ್ರುತಿಗೆ ಹಾಡಲು ಹೋಗಿ ಗಂಟಲು ಬಿಗಿ ಹಿಡಿಯುತ್ತಾರೆ. ಆಟ ಮುಗಿಸಿ ಖಾರ ತಿಂದು ಹಾಗೇ ಮಲಗುತ್ತಾರೆ, ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆ. ಹಿಂದಿನ ಕ್ರಮ ನೋಡಿ. ಸಂಗೀತಗಾರ ಅಂತ ಹುಡುಗ ಆಟದ ಮೊದಲಿನ ಪೂರ್ವರಂಗ ಹಾಡಬೇಕು, ವರ್ಷಗಟ್ಟಲೆ. ಮುಖ್ಯ ಭಾಗವತರ ಜಾಗಕ್ಕೆ ಬರುವಾಗ ಗಂಟಲು ಬಲಿತಿರುತ್ತದೆ.

ಮೂರು, ಕಾಯಿಲೆ. 1975ರಲ್ಲಿ ಅವಳನ್ನು ಪರೀಕ್ಷೆ ಮಾಡಿದ್ದ ಇಟಲಿಯ ವೈದ್ಯ ಮಾರಿಯೊ ಜಾಕೊವಾಜ್ಜೊ, ಅವಳಿಗೆ ಡರ್ಮಟೋಮಯೋಸೈಟಿಸ್ ಇತ್ತು ಅಂತ 2002ರಲ್ಲಿ ಹೇಳಿದರು. ಚರ್ಮ ಮತ್ತು ಸ್ನಾಯುಗಳನ್ನು ಬಲಹೀನ ಮಾಡುವ ಕಾಯಿಲೆ. ಆಮೇಲೆ ಬೊಲೋನ್ಯಾದ ಇಬ್ಬರು ಸಂಶೋಧಕರು ಅವಳ ಹಳೇ ಧ್ವನಿಮುದ್ರಣಗಳನ್ನು ಯಂತ್ರದಲ್ಲಿ ಅಳೆದು, ಸ್ನಾಯು ಸೋತ ಗುರುತು ಕಾಣುತ್ತದೆ ಅಂದರು. ಎದುರಿಗೆ ಕೂರಿಸಿ ನೋಡದ ರೋಗಿಯ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಆದರೆ ‘ಮನಸ್ಸು ಮುರಿದು ಸ್ವರ ಹೋಯಿತು’ ಅನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಕಣಿಪುರದವ

ನಾನು ಓದಿದ ಕಡೆಯಲ್ಲೆಲ್ಲ ಅದೇ ಇದೆಯಲ್ಲ ಡಾಕ್ಟ್ರೇ. ಒನಾಸಿಸ್ ಸಿಕ್ಕಿದ, ಹಾಡು ಬಿಟ್ಟಳು, ಅವನು ಕೈಕೊಟ್ಟ, ಸ್ವರವೂ ಹೋಯಿತು ಅಂತ.

ಶ್ರುತಿಪೆಟ್ಟಿಗೆ

ಇಸವಿ ಹಾಕಿ ನೋಡಿ. ನನಗೆ ಸಿಟ್ಟು ಬರುವುದೇ ಇಲ್ಲಿ. ಗಂಡ ಮೆನೆಗಿನಿಯನ್ನು ಬಿಟ್ಟು ಒನಾಸಿಸ್ ಜೊತೆ ಹೋದದ್ದು 1959ರಲ್ಲಿ. ಸ್ವರದ ತೊಂದರೆ ಅದಕ್ಕೂ ಮೊದಲೇ ಶುರುವಾಗಿದೆ. 1958ರ ಜನವರಿ 2ರಂದು ರೋಮಿನಲ್ಲಿ ನೋರ್ಮಾ ಅರ್ಧಕ್ಕೆ ನಿಂತದ್ದು ಗಂಟಲು ಕೂತು. ಒನಾಸಿಸ್ ಜಾಕ್ವೆಲಿನ್ ಕೆನಡಿಯನ್ನು ಮದುವೆಯಾದದ್ದು 1968ರಲ್ಲಿ, ಇವಳು ಒಪೆರಾ ಬಿಟ್ಟು ಮೂರು ವರ್ಷ ಆದ ಮೇಲೆ. ಹಿಂದಿನದ್ದಕ್ಕೆ ಮುಂದಿನದ್ದು ಕಾರಣ ಆಗುವುದು ಹೇಗೆ?

ಹೆಂಗಸು ಹಾಡು ನಿಲ್ಲಿಸಿದರೆ ಕಾರಣಕ್ಕೆ ಒಬ್ಬ ಗಂಡಸು ಬೇಕು ನಮ್ಮ ಕಥೆಗಳಿಗೆ. ಇಪ್ಪತ್ತೈದು ವರ್ಷದ ದುಡಿಮೆ ಅಡಿಟಿಪ್ಪಣಿ ಆಗಿಬಿಡುತ್ತದೆ.

ಅರ್ಥಗಾರಿಕೆ

ರೋಮಿನ ವಿಷಯದಲ್ಲಿ ನನ್ನದು ಪ್ರತಿವಾದ ಉಂಟು ಟೀಚರ್. ರಾಷ್ಟ್ರಪತಿ ಬಂದು ಕೂತಿದ್ದಾರೆ. ಹಂಗಾಮಿನ ಮೊದಲ ರಾತ್ರಿ. ಒಂದು ಅಂಕ ಹಾಡಿ ಆಗುವುದಿಲ್ಲ ಅಂತ ಹೋದರೆ ಪ್ರೇಕ್ಷಕನ ಗತಿ? ಗಂಟಲು ಸರಿ ಇಲ್ಲದಿದ್ದರೆ ಬಣ್ಣ ಹಚ್ಚುವ ಮೊದಲೇ ಹೇಳಬೇಕು. ಅದೇ ವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನವರೂ ಅವಳ ಕರಾರು ರದ್ದು ಮಾಡಿದರಲ್ಲ. ಸ್ವಲ್ಪ ಜಗಳಗಂಟಿಯೇ ಇರಬೇಕು.

ಮುಳ್ಳೇರಿಯದ ನರ್ಸಮ್ಮ

ಅಣ್ಣ, ಬದಲಿ ಗಾಯಕಿಯನ್ನು ತಯಾರು ಇಟ್ಟುಕೊಳ್ಳದಿದ್ದದ್ದು ರಂಗಮಂದಿರದವರು. ಅದು ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ನಡೆದು 1971ರಲ್ಲಿ ತೀರ್ಪು ಬಂದದ್ದು ಕ್ಯಾಲಸ್ ಪರ. ಆದರೆ ಪತ್ರಿಕೆಗಳಲ್ಲಿ ಅವಳನ್ನು ಬೈದದ್ದು ಮುಖಪುಟದಲ್ಲಿ. ತೀರ್ಪು ಯಾರ ನೆನಪಲ್ಲೂ ಇಲ್ಲ.

ಮದ್ದಳೆ ಭಾವ

ನಮ್ಮಲ್ಲಿ ಈ ಕಷ್ಟವೇ ಇಲ್ಲ. ಒಬ್ಬರ ಸ್ವರ ಕೂತರೆ ಇನ್ನೊಬ್ಬರು ಜಾಗಟೆ ತೆಗೆದುಕೊಳ್ಳುತ್ತಾರೆ. ಆಟ ನಿಲ್ಲುವುದಿಲ್ಲ. ನೋಡುವವರಿಗೂ ಅದು ತಪ್ಪು ಅಂತ ಕಾಣುವುದಿಲ್ಲ.

ಶ್ರುತಿಪೆಟ್ಟಿಗೆ

ಹಾಗಂತ ನಮ್ಮಲ್ಲೂ ಹೆಣ್ಣಿಗೆ ದಾರಿ ಹೂ ಹಾಸಿರಲಿಲ್ಲ ಭಾವ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಡಿತ್ತಾಯರು ವೃತ್ತಿ ಮೇಳದಲ್ಲಿ ಭಾಗವತಿಕೆ ಮಾಡಿದ ಮೊದಲ ಹೆಣ್ಣುಮಗಳು. ಕರ್ನಾಟಕ ಸಂಗೀತ ಕಲಿತು ಆಮೇಲೆ ಯಕ್ಷಗಾನಕ್ಕೆ ಬಂದವರು. ಗಂಡ ಹರಿನಾರಾಯಣ ಬೈಪಡಿತ್ತಾಯರು ಚೆಂಡೆ, ಮದ್ದಳೆಗೆ. ಗಂಡಸರ ಶ್ರುತಿಗೆ ಕಟ್ಟಿದ ಹಿಮ್ಮೇಳದ ನಡುವೆ ಹೆಣ್ಣು ಗಂಟಲು ಇಡೀ ರಾತ್ರಿ ನಿಲ್ಲುವುದು ಅಂದರೆ ಸುಮ್ನೆ ಅಲ್ಲ. ಊರೂರು ತಿರುಗಾಟ, ಬಣ್ಣ ಹಚ್ಚುವ ಚೌಕಿಯಲ್ಲಿ ಹೆಂಗಸರಿಗೆ ಅಂತ ಒಂದು ಮರೆಯೂ ಇಲ್ಲದ ಕಾಲ. ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ಕಣಿಪುರದವರೇ, ನಿಮ್ಮ ಕಾರ್ಯಕ್ರಮದಲ್ಲಿ ಅವರ ಒಂದು ಪದ್ಯ ಹಾಕಿ. ಹೋಲಿಕೆ ಮಾಡಲು ಅಲ್ಲ. ಮಧೂರು ದೇವಸ್ಥಾನಕ್ಕೆ ದಿನಾ ಹೋಗುವವರಿಗೂ ಇದು ಗೊತ್ತಿಲ್ಲ, ಅದಕ್ಕೆ.

ಪೆರ್ಲದ ಪೋಕ್ರಿ

ಇದಕ್ಕೆ ನಾನು ಬರುತ್ತೇನೆ.

ಕಣಿಪುರದವ

ಒಬ್ಬರಾದರೂ ಸಿಕ್ಕಿದರು! ಈಗ ಹಾಡಿನ ಪಟ್ಟಿ ಹೇಳಿ. ಐದಾರು ಸಾಕು. ಸ್ಪೀಕರ್ ಒಳ್ಳೆಯದು ಉಂಟು, ಗೋಡೆಗೆ ಚಿತ್ರ ಬಿಡುವ ಯಂತ್ರ ಶಾಲೆಯಿಂದ ತರುತ್ತೇನೆ.

ಶ್ರುತಿಪೆಟ್ಟಿಗೆ

1949ರ ನವೆಂಬರಿನಲ್ಲಿ ತುರಿನ್ ಊರಲ್ಲಿ ಮಾಡಿದ ಅವಳ ಮೊದಲ ಧ್ವನಿಮುದ್ರಣಗಳಿಂದ ಶುರು ಮಾಡಿ. ಅದರಲ್ಲಿ ವಾಗ್ನರ್‌ನ ‘ಟ್ರಿಸ್ಟಾನ್’ನ ಕೊನೆಯ ಹಾಡು ಉಂಟು, ಇಟಾಲಿಯನ್ನಿನಲ್ಲಿ. ‘ಪುರಿತಾನಿ’ಯ ಹಾಡೂ ಉಂಟು. ಬೆನ್ನಿಗೆ ಬೆನ್ನು ಹಾಕಿ. ವೆನಿಸ್ ಕಥೆ ಆಗಲೇ ಹೇಳಿರುತ್ತೀರಲ್ಲ, ಈಗ ಕಿವಿಗೇ ಸಿಗುತ್ತದೆ.

ಆಮೇಲೆ ‘ಕಾಸ್ತಾ ದೀವಾ’. ನೋರ್ಮಾ ಪೂರ್ತಿಯಾಗಿ ಸ್ಟುಡಿಯೊದಲ್ಲಿ ಎರಡು ಸಲ ಮಾಡಿದ್ದಾಳೆ, 1954ರಲ್ಲಿ ಮತ್ತು 1960ರಲ್ಲಿ. ಎರಡಕ್ಕೂ ಸೆರಾಫಿನ್ನೇ. 54ರದ್ದರಲ್ಲಿ ಸ್ವರ ಗಟ್ಟಿ. 60ರದ್ದರಲ್ಲಿ ತುದಿ ಅಲ್ಲಾಡುತ್ತದೆ, ಆದರೆ ಮಾತು ಇನ್ನೂ ಒಳಗೆ ಇಳಿದಿದೆ. ನನಗೆ ಎರಡನೆಯದು ಇಷ್ಟ, ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಮಕ್ಕಳಿಗೆ ಅಂತ ಒಂದು: 1951ರಲ್ಲಿ ಮೆಕ್ಸಿಕೊ ನಗರದ ‘ಐದಾ’. ದೊಡ್ಡ ಮೆರವಣಿಗೆಯ ದೃಶ್ಯದ ಕೊನೆಗೆ, ಎಲ್ಲ ವಾದ್ಯ, ಎಲ್ಲ ಮೇಳದವರ ಮೇಲೆ ವೆರ್ದಿ ಬರೆಯದೇ ಇದ್ದ ಒಂದು ತಾರಸ್ವರ ಎತ್ತಿ ನಿಲ್ಲಿಸುತ್ತಾಳೆ. ಜನ ಹುಚ್ಚೆದ್ದು ಕೂಗುವುದೂ ಕೇಳುತ್ತದೆ. ಅದು ಕಲೆಯಾ, ಪೌರುಷವಾ ಅಂತ ಆಮೇಲೆ ಜಗಳ ಆಡಬಹುದು.

ಅರ್ಥಗಾರಿಕೆ

ಟೋಸ್ಕಾ ಬೇಡವಾ? ಪ್ರಸಂಗ ಹೇಳಲು ನಾನು ತಯಾರು. ಐದೇ ನಿಮಿಷ, ಆಣೆ.

ಮುಳ್ಳೇರಿಯದ ನರ್ಸಮ್ಮ

ಬೇಕೇ ಬೇಕು. ಅದರಲ್ಲೂ ಚಿತ್ರ. 1964ರ ಫೆಬ್ರವರಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಟೋಸ್ಕಾದ ಎರಡನೇ ಅಂಕ ಟೀವಿಗೆ ಅಂತ ಚಿತ್ರೀಕರಿಸಿದ್ದಾರೆ. ನಿರ್ದೇಶನ ಜೆಫಿರೆಲ್ಲಿ. ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಆಗಿ ತಿತ್ತೊ ಗೊಬ್ಬಿ. ಕ್ಯಾಲಸ್ ರಂಗದ ಮೇಲೆ ಹೇಗಿದ್ದಳು ಅಂತ ನೋಡಲು ಸಿಗುವುದು ತೀರಾ ಕಡಿಮೆ, ಇದು ಅದರಲ್ಲಿ ಒಂದು. ಸ್ವರ ಆಗ ಸೋತಿದೆ. ಆದರೂ ನೋಡಿ.

ಮದ್ದಳೆ ಭಾವ

ನೋಡಿದೆ. ಹಾಡು ಕೇಳದೆ, ಸದ್ದು ತೆಗೆದು ಒಮ್ಮೆ ನೋಡಿದೆ. ಆಮೇಲೆ ಸದ್ದು ಹಾಕಿ ನೋಡಿದೆ.

ಸ್ಕಾರ್ಪಿಯಾ ಇವಳ ಪ್ರಿಯಕರನನ್ನು ಪಕ್ಕದ ಕೋಣೆಯಲ್ಲಿ ಹಿಂಸೆ ಮಾಡಿಸಿದ್ದಾನೆ. ಅವನ ಜೀವ ಉಳಿಸಬೇಕಾದರೆ ನೀನು ನನಗೆ ಒಲಿಯಬೇಕು ಅಂತ ಕರಾರು. ಇವಳು ಒಪ್ಪಿದ್ದಾಳೆ. ಅವನು ದೂರದಲ್ಲಿ ಕೂತು ರಹದಾರಿ ಪತ್ರ ಬರೆಯುತ್ತಿದ್ದಾನೆ. ಇವಳು ಊಟದ ಮೇಜಿನ ಹತ್ತಿರ ಬಂದು ವೈನಿನ ಗ್ಲಾಸು ಎತ್ತುತ್ತಾಳೆ. ಅಲ್ಲಿ ಚಾಕು ಕಾಣುತ್ತದೆ. ಕೈ ನಿಂತುಹೋಗುತ್ತದೆ. ಮುಖದಲ್ಲಿ ದೊಡ್ಡ ಆಶ್ಚರ್ಯ ಇಲ್ಲ, ಕಣ್ಣು ಅರಳಿಸುವುದಿಲ್ಲ. ಆಲೋಚನೆ ಬಂದದ್ದು ಮೈಗೆ ಮೊದಲು ಗೊತ್ತಾಗುತ್ತದೆ. ಆ ಹೊತ್ತಲ್ಲಿ ಅವಳು ಹಾಡುತ್ತಲೂ ಇಲ್ಲ, ವಾದ್ಯ ಮಾತ್ರ. ಆದರೆ ವಾದ್ಯದ ಒಂದು ಎಳೆಯೂ ಅವಳ ಮೈಗೆ ತಪ್ಪುವುದಿಲ್ಲ. ಕೋಲು ಕಾಣದವಳು ಇವಳು ಅಂತ ಟೀಚರ್ ಹೇಳಿದ್ದು ಆಗ ನೆನಪಾಯಿತು.

ಈಗಿನ ಹುಡುಗರು ರಂಗಸ್ಥಳದಲ್ಲಿ ಪದ್ಯ ಇಲ್ಲದ ಹೊತ್ತಲ್ಲಿ ಸುತ್ತು ತಿರುಗುತ್ತಾರೆ, ಎಣಿಸಿಕೊಂಡು. ಅವರಿಗೆ ಇದನ್ನು ತೋರಿಸಬೇಕು.

ಗಂಟಲು ಡಾಕ್ಟ್ರು

ಹಾಗಾದರೆ ಕೊನೆಗೆ ಜೂಲಿಯಾರ್ಡ್ ಪಾಠಗಳ ಧ್ವನಿಮುದ್ರಣದಿಂದ ಐದು ನಿಮಿಷ ಹಾಕಿ. 1971-72ರಲ್ಲಿ ನ್ಯೂಯಾರ್ಕಿನ ಆ ಸಂಗೀತ ಶಾಲೆಯಲ್ಲಿ ಎಳೆಯ ಗಾಯಕರಿಗೆ ಎಲ್ಲರ ಎದುರೇ ಪಾಠ ಮಾಡಿದ್ದಾಳೆ. ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ. ಆ ಅಕ್ಷರ ಮತ್ತೆ ಹೇಳು, ಈ ಉಸಿರು ಅಲ್ಲಿ ಬೇಡ, ಇಷ್ಟೇ. ನಡುವೆ ತಾನೇ ಒಂದೆರಡು ಸಾಲು ಹಾಡಿ ತೋರಿಸುತ್ತಾಳೆ. 1973ರಿಂದ 74ರ ನವೆಂಬರಿನವರೆಗೆ ಗೆಳೆಯ, ಗಾಯಕ ದಿ ಸ್ತೆಫಾನೊ ಜೊತೆ ಊರೂರು ತಿರುಗಿ ಹಾಡಿದ್ದಾಳೆ, ಜಪಾನಿನ ಸಪ್ಪೊರೊದಲ್ಲಿ ಕೊನೆಯದು. ಅದನ್ನು ಕೇಳಿಸಬೇಡಿ. ವೈದ್ಯನಾಗಿ ಹೇಳುತ್ತಿದ್ದೇನೆ, ಆ ಗಂಟಲಿಗೆ ವಿಶ್ರಾಂತಿ ಬೇಕಿತ್ತು.

ಕಣಿಪುರದವ

ಸರಿ. ಆದದ್ದು ಹೀಗೆ: ತುರಿನ್ನಿನ ಎರಡು ಹಾಡು, ಅರ್ಥಗಾರಿಕೆ ಅಣ್ಣನ ನೋರ್ಮಾ ಪ್ರಸಂಗ, ‘ಕಾಸ್ತಾ ದೀವಾ’ 1954ರದ್ದು (ಟೀಚರ್, ಕ್ಷಮಿಸಿ), ಮೆಕ್ಸಿಕೊದ ತಾರಸ್ವರ, ಲೀಲಾವತಿಯಕ್ಕನ ಒಂದು ಪದ್ಯ, ಟೋಸ್ಕಾದ ಚಿತ್ರ, ಪಾಠದ ಐದು ನಿಮಿಷ. ಒನಾಸಿಸ್‌ಗೆ ಎರಡು ವಾಕ್ಯ, ಅದೂ ಇಸವಿ ಸಮೇತ. ಸಂಜೆ 4ಕ್ಕೆ ಶುರು, ಚಹಾ ಉಂಟು.

ಪೆರ್ಲದ ಪೋಕ್ರಿ

ತೆಬಾಲ್ದಿ ಎಲ್ಲಿ? ಪ್ರತಿಪಕ್ಷ ಇಲ್ಲದ ತಾಳಮದ್ದಳೆ ಆಗುತ್ತದಾ? ಒಂದು ಹಾಡು ಹಾಕಿ. ಚಹಾಕ್ಕೆ ಗೋಳಿಬಜೆ ನಾನು ತರುತ್ತೇನೆ.

ಕಣಿಪುರದವ

ಹಾಕೋಣ. ಗೋಳಿಬಜೆ ಜಾಸ್ತಿಯೇ ಇರಲಿ.